ಓನರ್ ಆಂಟಿ ಮತ್ತು ಕಠ್ಮಂಡುವಿನ ನೀರು

ನೀರಿನ ಲೋಟ ಕೈಗೆ ಬಂದ ಕೂಡಲೇ ಓನರ್ ಆಂಟಿಯ ಮೂಗಿನ ಹೊಳ್ಳೆಗಳು ಅಗಲವಾಗುತ್ತಿದ್ದವು. ಮೂಗುಬೊಟ್ಟು ಮೇಲಕ್ಕೆದ್ದು ಮಿಂಚುತ್ತಿತ್ತು. ಮೂಸದೆ ಅವರು ಒಂದು ಗುಟುಕೂ ಕುಡಿದವರಲ್ಲ. ಶಿವಮೊಗ್ಗದ ದುರ್ಗಿಗುಡಿಯಲ್ಲಿ ಅವರ ಮನೆಯ ಮಹಡಿಯಲ್ಲಿ ನಾನು ಬಾಡಿಗೆಗಿದ್ದೆ. ಮಾಚೇನಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸ. ನನ್ನ ಪಾತ್ರೆ ತೊಳೆಯುವ ಬ್ರಶ್ಶನ್ನೂ ಬಿಡದೆ ಮೂಸಿ, "ಇದನ್ನ ಬಿಸಾಕು ಮಾರಾಯ್ತಿ, ಕೊಳೆತು ನಾರ್ತಿದೆ" ಎನ್ನುತ್ತಿದ್ದರು. ಒಮ್ಮೆ ಭದ್ರಾವತಿಯ ಜನ್ನಾಪುರದಲ್ಲಿ ಅವರ ತಂಗಿ ಮಗಳ ನಿಶ್ಚಿತಾರ್ಥಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಊಟದ ನಡುವೆ ಲೋಟ ಮೂಸಿ, "ಥೂ! ಡ್ರಮ್ ತೊಳೆದೇ ಇಲ್ಲ ಇವರು" ಎಂದು ಬೀಗರೆದುರೇ ನೀರನ್ನು ಕಿಟಕಿಯಾಚೆ ಚೆಲ್ಲಿಬಿಟ್ಟರು. ನನಗೆ ತಲೆ ಎತ್ತಲಾಗಲಿಲ್ಲ.

ಇಂಥವರ ಜೊತೆ ನೇಪಾಳಕ್ಕೆ ಹೋದೆ. ಶಿವಮೊಗ್ಗದ ಟೂರಿನವನೊಬ್ಬ ಯಾತ್ರೆ ಹೊರಡಿಸಿದ್ದ. ಆಂಟಿಗೆ ರೂಮಿನಲ್ಲಿ ಜೊತೆ ಬೇಕಿತ್ತು. ಅವರ ಸೂಟ್‌ಕೇಸಿನಲ್ಲಿ ಸೀರೆಗಳಿಗಿಂತ ಮೊದಲು ಕರೆಂಟಿನ ಕೆಟಲ್ ಕೂತಿತ್ತು. ಹಲ್ಲುಜ್ಜುವುದಕ್ಕೂ ಕುದಿಸಿ ಆರಿಸಿದ ನೀರೇ. "ಪರದೇಶದ ನೀರು ಕಣೇ. ನಮ್ಮ ಹೊಟ್ಟೆಗೆ ಅದರ ಗುರುತಿಲ್ಲ."

ಕಠ್ಮಂಡುವಿನಲ್ಲಿ ಒಂದು ಮಧ್ಯಾಹ್ನ ಟೂರಿನವನು ಎಲ್ಲರಿಗೂ ನೀರಿನ ಬಾಟಲಿ ಹಂಚಿದ. ಬಾಯಾರಿದ್ದ ನಾನು ಆಗಲೇ ಅರ್ಧ ಮುಗಿಸಿದ್ದೆ. ಆಂಟಿ ಮುಚ್ಚಳ ತಿರುಗಿಸಿದರು. ಅದು ಚಿಟಕ್ ಎನ್ನಲಿಲ್ಲ. "ಸೀಲ್ ಒಡೆದಿದೆ. ಕುಡೀಬೇಡ್ರೀ ಯಾರೂ!" ಎಂದವರೇ ಬಾಟಲಿ ಎಲ್ಲಿಂದ ಬಂತೆಂದು ನೋಡಲು ನಾವಿಳಿದಿದ್ದ ಹೋಟೆಲಿನ ಹಿತ್ತಲಿಗೆ ನಡೆದರು. ನಾನೂ ಹಿಂದೆ ಓಡಿದೆ.

ಅಲ್ಲಿ ಕಸದ ಚೀಲದಿಂದ ಹೆಕ್ಕಿದ ಖಾಲಿ ಬಾಟಲಿಗಳನ್ನು ಒಬ್ಬ ತೆರೆದ ತೊಟ್ಟಿಯಲ್ಲಿ ಮುಳುಗಿಸಿ ತುಂಬುತ್ತಿದ್ದ. ತೊಟ್ಟಿಯ ಗೋಡೆಗೆಲ್ಲ ಹಸಿರು ಲೋಳೆ. ನೀರಿನ ಮೇಲೆ ಪಾರಿವಾಳದ ಪುಕ್ಕ, ಕೂದಲಿನ ಉಂಡೆ. ತಳದಲ್ಲಿ ಕೆಂಪು ಹುಳುಗಳು ನುಲಿಯುತ್ತಿದ್ದವು. ಪಕ್ಕದಲ್ಲೇ ಕಕ್ಕಸಿನ ಪೈಪು ಸೋರುತ್ತಿತ್ತು.

ಹಿಂದೆಯೇ ಬಂದ ಟೂರಿನವನು, "ಏನಾಗಲ್ಲ ಆಂಟಿ, ಎಲ್ಲಾ ಟ್ರಿಪ್ಪಲ್ಲೂ ಇದೇ ಕೊಡೋದು" ಎಂದ.

"ಹಂಗಾದ್ರೆ ನೀನು ಕುಡಿ. ನನ್ನೆದುರಿಗೇ ಕುಡಿ."

ಅವನು ಹಲ್ಲು ಕಿರಿದ. ಕುಡಿಯಲಿಲ್ಲ. ಆ ತೊಟ್ಟಿಗಿಂತ ಆ ನಗುವೇ ನನಗೆ ಹೆಚ್ಚು ಹೇಸಿಗೆ.

ಮರುದಿನ ಬೆಳಗ್ಗೆ ನನಗೆ ವಾಂತಿ, ಭೇದಿ. ಬಚ್ಚಲಿನವರೆಗೂ ಹೋಗಲಾಗದೆ ಹಾಸಿಗೆಯಲ್ಲೇ ಆಗಿಹೋಯಿತು. ಟೂರಿನವನು ಮೂಗಿಗೆ ಕರ್ಚೀಫು ಹಿಡಿದು ಇಣುಕಿ, "ದೇವಸ್ಥಾನಕ್ಕೆ ಬಸ್ ಹೊರಡ್ತಿದೆ, ನೀವಾದ್ರೂ ಬನ್ನಿ ಆಂಟಿ" ಎಂದ. ಅವರು ಅವನ ಮುಖಕ್ಕೇ ಬಾಗಿಲು ಬಡಿದರು. ನನ್ನ ಮೈ ಒರೆಸಿ ತಮ್ಮ ನೈಟಿ ತೊಡಿಸಿದರು. ಕೆಟಲಿನ ನೀರು ಆರಿಸಿ, ಓಆರ್‌ಎಸ್ ಪುಡಿ ಕಲಸಿ ಚಮಚದಲ್ಲಿ ಕುಡಿಸಿದರು. ಅದೂ ನಿಲ್ಲದಾದಾಗ ಟ್ಯಾಕ್ಸಿ ಹತ್ತಿಸಿ ಆಸ್ಪತ್ರೆಗೆ ಸೇರಿಸಿದರು. ಇನ್ನೂ ತಡವಾಗಿದ್ದರೆ ಕಿಡ್ನಿಗೆ ಪೆಟ್ಟಾಗುತ್ತಿತ್ತು ಎಂದರು ಅಲ್ಲಿನ ಡಾಕ್ಟರು. ಪಶುಪತಿನಾಥನ ದರ್ಶನಕ್ಕೆಂದೇ ಬಂದಿದ್ದ ಆಂಟಿ ದೇವಸ್ಥಾನದ ಬಾಗಿಲನ್ನೂ ಕಾಣದೆ ಊರಿಗೆ ಮರಳಿದರು.

ಕಳೆದ ವರ್ಷ ಹೃದಯಾಘಾತವಾಗಿ ಹೋಗಿಬಿಟ್ಟರು. ಅದಕ್ಕೆ ಸ್ವಲ್ಪ ಮುಂಚೆ, ಇಬ್ಬರೂ ಕೂತು ಅವರೆಕಾಯಿ ಸುಲಿಯುತ್ತಿದ್ದಾಗ ಕೇಳಿದ್ದೆ: "ನಿಮಗೆ ಅವತ್ತು ಅಸಹ್ಯ ಆಗ್ಲಿಲ್ವಾ ಆಂಟಿ?"

"ಆಗದೇ ಇರತ್ತಾ ಮಾರಾಯ್ತಿ? ಬಚ್ಚಲಿಗೆ ಹೋಗಿ ನಾನೂ ಕಕ್ಕಿದೆ. ಬಾಯಿ ತೊಳ್ಕೊಂಡು ಬಂದು ನಿನ್ನ ಚಾದರ ಒಗೆದೆ."

ಹಾಗೆಂದು ಹುಳ ಹಿಡಿದ ಕಾಯೊಂದನ್ನು ಅಂಗಳಕ್ಕೆ ಎಸೆದರು.

ಹೆತ್ತವಳಾದರೆ ಇದನ್ನೆಲ್ಲ ಮಾಡುತ್ತಿದ್ದಳು, ಹೌದು. ಇವರಿಗೆ ನಾನು ಮಹಡಿಯ ಬಾಡಿಗೆಯವಳು, ಅಷ್ಟೇ.