ಓದುವಾಕೆಯ ಸಾಲು

ಶಿಕ್ಷೆ ಅನುಭವಿಸಿದವರು ಹತ್ತಿ ಬಿಡಿಸುವ ಹೆಂಗಸರು. ಅಪರಾಧ ಮಾಡಿದವರು ಪಂಚಾಯತಿಯ ಚೇರಮನ್ನರು ಮತ್ತು ಬ್ಲಾಕ್ ಅಧಿಕಾರಿಗಳು. ಅವರೊಂದಿಗೆ ಕೈಜೋಡಿಸಿದವಳು ನಾನು. ಮೊದಲೇ ಇದನ್ನು ಬರೆದಿಡುತ್ತೇನೆ, ಏಕೆಂದರೆ ಇಂಥದ್ದನ್ನೆಲ್ಲ "ಆ ಕಾಲವೇ ಹಾಗಿತ್ತು" ಎಂದು ಮುಗಿಸಿಬಿಡುವ ರೂಢಿ ಈಗ ಬೆಳೆದಿದೆ. ಕಾಲ ಯಾವ ಕಪಾಟಿಗೂ ಬೀಗ ಹಾಕುವುದಿಲ್ಲ.

ನವಲಗುಂದ ತಾಲೂಕಿನ ಒಂದು ಊರಿನ ಶಾಲೆಯಲ್ಲಿ ನಾನು ಶಿಕ್ಷಕಿ. ಊರವರ ಬಾಯಲ್ಲಿ "ಅಕ್ಕಾರ". ಶಾಲೆ ಬಿಟ್ಟ ಮೇಲೆ ಮಠದ ಪಡಸಾಲೆಯಲ್ಲಿ ದೊಡ್ಡವರಿಗೆ ಅಕ್ಷರ ಕಲಿಸುತ್ತಿದ್ದೆ. ಕಲಿತವರಲ್ಲಿ ಒಬ್ಬಾಕೆ ಮಾತ್ರ ಸಹಿ ಹಾಕುವುದರಲ್ಲಿ ನಿಲ್ಲದೆ ಕಾದಂಬರಿಗೆ ದಾಟಿದಳು. ನಲವತ್ತು ದಾಟಿದ ವಿಧವೆ, ಹೊಲದ ಕೂಲಿ. ನಾನು ಆಕೆಯನ್ನು ಚಿಕ್ಕಮ್ಮನಂತೆ ಕಂಡು ಚಿಗವ್ವ ಎನ್ನುತ್ತಿದ್ದೆ, ಆಕೆ ನನ್ನನ್ನು ಮಗಳ ಎನ್ನುತ್ತಿದ್ದಳು. ಪಂಚಾಯತಿ ವಾಚನಾಲಯದಿಂದ ಪುಸ್ತಕ ಒಯ್ದು, ಹತ್ತಿ ಬಿಡಿಸುವವರ ಹಿಂದೆ ಹಿಂದೆ ನಡೆಯುತ್ತ ಗಟ್ಟಿಯಾಗಿ ಓದುತ್ತಿದ್ದಳು. ಆಕೆಯ ಸಾಲನ್ನು ಉಳಿದ ಹೆಂಗಸರು ಹಂಚಿಕೊಂಡು ಬಿಡಿಸುತ್ತಿದ್ದರು. ಸಂಜೆಯ ತೂಕಕ್ಕೆ ಆಕೆಯ ಗಂಟೂ ತಯಾರಿರುತ್ತಿತ್ತು. ಯಾವ ಸರ್ಕಾರವೂ ಮಾಡಿಕೊಟ್ಟ ಏರ್ಪಾಡಲ್ಲ ಅದು. ಅದಕ್ಕಿಂತ ದೊಡ್ಡ ಗ್ರಂಥಾಲಯವನ್ನು ನಾನು ಇನ್ನೂ ಕಂಡಿಲ್ಲ.

ತುರ್ತು ಪರಿಸ್ಥಿತಿಯ ಮೊದಲ ಸುಗ್ಗಿ. ಚಿಗವ್ವ ಓದುತ್ತಿದ್ದ ಕಾದಂಬರಿಯ ನಾಯಕಿ ಗಂಡನ ಮನೆ ತೊರೆದು ಸ್ಟೇಷನ್ನಿನ ಬೆಂಚಿನ ಮೇಲೆ ಕೂತಿದ್ದಳು. ರೈಲು ಬಂದು ನಿಂತಿತ್ತು. ಪುಸ್ತಕವನ್ನು ಎಂಟು ದಿನಕ್ಕೊಮ್ಮೆ ಮರಳಿಸಿ ಮತ್ತೆ ಬರೆಸಿಕೊಳ್ಳಬೇಕೆಂಬುದು ವಾಚನಾಲಯದ ನಿಯಮ. ಚಿಗವ್ವ ನಿಯಮ ತಪ್ಪುವವಳಲ್ಲ, ಒಯ್ದು ಕೊಟ್ಟಳು. ಅದೇ ದಿನ ಚೇರಮನ್ನರು ಕಾದಂಬರಿಗಳನ್ನೆಲ್ಲ ಕಪಾಟಿಗೆ ತುಂಬಿ ಬೀಗ ಜಡಿದರು. ಮೇಜಿನ ಮೇಲೆ ಬ್ಲಾಕ್ ಕಚೇರಿಯ ಕರಪತ್ರಗಳ ಕಟ್ಟುಗಳು ಬಂದು ಕೂತವು.

"ಕತಿ ಓದಿದ್ರ ಹೊಟ್ಟಿ ತುಂಬತೈತೇನು?" ಎಂದರು ಚೇರಮನ್ನರು. "ಸರ್ಕಾರ ಏನು ಮಾಡೇತಿ ಅನ್ನೂದು ಓದ್ಲಿ."

ಕರಪತ್ರ ತಂದಿದ್ದ ಬ್ಲಾಕ್ ಅಧಿಕಾರಿಗಳು, ಅಲ್ಲಿಗೆ ಕರೆಸಿಕೊಂಡಿದ್ದ ನನ್ನತ್ತ ತಿರುಗಿದರು. "ಆ ಹೆಣ್ಣುಮಗಳು ಹೊಲದಾಗ ಓದ್ತಾಳಂತಲ್ರಿ ಅಕ್ಕಾರ? ಇದನ್ನ ಓದಸ್ರಿ. ನಿಮ್ಮ ವರ್ಗ ಮಾಡ್ಸೂದು ನಮಗೇನು ದೊಡ್ಡ ಮಾತಲ್ಲ."

ನಾನು ಹೆದರಿದೆ. ಮರುದಿನ ಹೊಲಕ್ಕೆ ಹೋಗಿ ಕರಪತ್ರವನ್ನು ಚಿಗವ್ವನ ಕೈಗಿಟ್ಟವಳು ನಾನೇ. ನಾನು ಕೊಟ್ಟದ್ದೆಂಬ ನಂಬಿಕೆಯಿಂದ ಆಕೆ ಮೊದಲು ಕಣ್ಣಾಡಿಸಿ ನೋಡಲೂ ಇಲ್ಲ. ಹೆಂಗಸರು ಎಂದಿನಂತೆ ಆಕೆಯ ಸಾಲು ಹಿಡಿದರು.

"ಗಾಡಿ ಏರಿದ್ಲೋ ಇಲ್ಲೋ, ಲಗೂನ ಹೇಳ ಬೇ!" ಎಂದು ಒಬ್ಬಳು ಅವಸರಪಡಿಸಿದಳು.

ನಾಯಕಿಯ ದುಃಖವನ್ನು ಓದಿದ ಅದೇ ದನಿಯಲ್ಲಿ ಚಿಗವ್ವ ಓದಿದಳು: ಈ ಊರಿನ ಮನೆಯಿಲ್ಲದ ಕೂಲಿಕಾರರಿಗೆಲ್ಲ ನಿವೇಶನ ಕೊಡಲಾಗಿದೆ, ಅವರು ಮನೆ ಕಟ್ಟಿಕೊಂಡು ಸುಖವಾಗಿದ್ದಾರೆ.

ಕೈಗಳು ನಿಂತವು.

"ಎಲ್ಲೈತಿ ಬೇ ನನ್ನ ಮನಿ? ಹಾಳಿ ತಿರುವಿ ನೋಡು, ಹಿಂದಿನ ಬಾಜು ಇದ್ದೀತು."

"ನಂದು ಮಾಳಗಿ ಮನಿನೋ ತಗಡಿಂದೋ? ಬರೋಬ್ಬರಿ ಓದು!"

ನಕ್ಕರು. ನಗು ಬೇಗನೆ ಆರಿತು. ಅವರಲ್ಲಿ ಹಿರಿಯಳು ಕೇಳಿದಳು: "ನಿನಗ ಜಾಗಾ ಕೊಟ್ಟಾರೇನು? ಖರೇ ಹೇಳು."

"ಇಲ್ಲ ಯವ್ವಾ, ನಿನ್ನಾಣಿ."

"ಮತ್ಯಾಕ ಓದಿದಿ?"

ಚಿಗವ್ವ ನನ್ನ ಮುಖ ನೋಡಿದಳು. ನಾನು ಊರಿನ ದಾರಿಯತ್ತ ಮುಖ ತಿರುಗಿಸಿದೆ.

"ತಗೋ, ನಿನ್ನ ಸಾಲು ನೀನ ಹಿಡಿ," ಎಂದಳು ಹಿರಿಯಳು.

ಕಾಗದವನ್ನು ನನ್ನ ಕೈಗೆ ಮರಳಿಸಿ, ಹತ್ತಿ ತುಂಬಿಕೊಳ್ಳಲು ಉಡಿ ಕಟ್ಟಿಕೊಂಡು ಚಿಗವ್ವ ತನ್ನ ಸಾಲು ಹಿಡಿದಳು. ಅಂದಿನಿಂದ ಆ ಹೊಲಗಳಲ್ಲಿ ಯಾರೂ ಓದಿಲ್ಲ.

ಅಕ್ಷರ ಬಂದವರನ್ನು ಮೋಸಗೊಳಿಸುವುದು ಕಷ್ಟವೆಂದು ನಾನು ಓದಿದ ಶಾಲೆಯಲ್ಲಿ ಕಲಿಸಿದ್ದರು. ಆ ಕರಪತ್ರ ಯಾರನ್ನೂ ಮೋಸಗೊಳಿಸಲಿಲ್ಲ, ನಿಜ. ಆದರೆ ಅಚ್ಚಾದದ್ದೆಲ್ಲವೂ ಚೇರಮನ್ನರ ಮಾತೇ ಎಂಬ ಅನುಮಾನವನ್ನು ಬಿತ್ತಿ ಹೋಯಿತು. ತುರ್ತು ಪರಿಸ್ಥಿತಿ ಮುಗಿದ ಮೇಲೆ ಧಾರವಾಡದಿಂದ ಹೊಸ ಕಾದಂಬರಿಯೊಂದನ್ನು ಕೊಂಡು ಚಿಗವ್ವನ ಮನೆಗೆ ಒಯ್ದೆ. ಆಕೆ ಮುಟ್ಟಲಿಲ್ಲ.

"ಇದನ್ನ ಯಾರು ಕೊಟ್ಟು ಕಳಿಸ್ಯಾರ್ರಿ, ಅಕ್ಕಾರ?" ಎಂದಳು. ಮಗಳ ಎನ್ನಲಿಲ್ಲ.

ಚೇರಮನ್ನರೇ, ನೀವು ಇನ್ನೂ ಅದೇ ಕುರ್ಚಿಯಲ್ಲಿದ್ದೀರಿ. ಅಧಿಕಾರಿಗಳೇ, ನೀವು ಬಡ್ತಿ ಪಡೆದು ಊರು ಬದಲಿಸಿದ್ದೀರಿ. ಕಪಾಟಿನ ಬೀಗ ಹಾಗೆಯೇ ಇದೆ. ನಿಮ್ಮ ವಿಷಾದ ನನಗೆ ಬೇಡ. ವಿಷಾದಿಸುತ್ತ ನಾನು ಮೂರು ಸುಗ್ಗಿ ಕಳೆದಿದ್ದೇನೆ, ಅದರಿಂದ ಯಾರಿಗೂ ಏನೂ ಸಿಕ್ಕಿಲ್ಲ. ಬರುವ ಸುಗ್ಗಿಯ ಮೊದಲ ದಿನ ಬೀಗ ತೆಗೆದು, ಆ ಕಾದಂಬರಿಯನ್ನು ಹಿಡಿದು, ಇಬ್ಬರೂ ಅದೇ ಹೊಲಕ್ಕೆ ಬನ್ನಿ. ಕರಪತ್ರದಲ್ಲಿದ್ದದ್ದು ಸುಳ್ಳೆಂದು ಆ ಹೆಂಗಸರ ಎದುರು ನಿಮ್ಮ ಬಾಯಿಂದಲೇ ಹೇಳಿ. ಪುಸ್ತಕವನ್ನು ಚಿಗವ್ವನ ಕೈಗೆ ಕೊಡಿ. ಆಮೇಲೆ ಸೊಂಟಕ್ಕೆ ಉಡಿ ಕಟ್ಟಿಕೊಂಡು, ಬಿಸಿಲಲ್ಲಿ ಬಾಗಿ, ಆಕೆಯ ಸಾಲಿನ ಹತ್ತಿಯನ್ನು ನೀವು ಬಿಡಿಸಬೇಕು. ಆಕೆ ಓದಲು ಒಪ್ಪುವವರೆಗೆ, ಒಪ್ಪಿದರೆ ಕೊನೆಯ ಪುಟ ಮುಗಿಯುವವರೆಗೆ. ಪಕ್ಕದ ಸಾಲಿನಲ್ಲಿ ನಾನಿರುತ್ತೇನೆ. ನನ್ನ ಪಾಲಿನದನ್ನೂ ಬಿಡಿಸುತ್ತೇನೆ, ನಿಮ್ಮ ಕೈ ನಿಲ್ಲದಂತೆಯೂ ನೋಡಿಕೊಳ್ಳುತ್ತೇನೆ.