ಕೆಂಚಿಯ ಬಾಯಲ್ಲಿ ಮೊಟ್ಟೆ

ನಾಯಿಯಕ್ಕ ಎದುರಿಗೆ ಬಂದರೆ ಬೀದಿಗೆ ಬೀದಿಯೇ ದಾರಿ ಬಿಡುತ್ತಿತ್ತು. ಅವಳ ನಾಯಿಗಳಿಗೆ ಹೆದರಿ ಅಲ್ಲ, ಅವು ಪಾಪದವು. ಹೆದರಿಕೆಯೆಲ್ಲ ಅಕ್ಕನ ನಾಲಿಗೆಗೆ. ಹಾಲಿನವನು ಅಳತೆಯಲ್ಲಿ ಹನಿ ಕಡಿಮೆ ಸುರಿದರೂ ಅವನ ವಂಶವನ್ನೇ ಜಾಲಾಡಿಬಿಡುವಳು. ಮದುವೆಯಾಗಿ ಹೋದ ಮನೆಯಲ್ಲಿ ವರ್ಷ ತುಂಬುವವರೆಗೂ ನಿಲ್ಲಲಿಲ್ಲ. ತವರಿನಿಂದ ಜೊತೆಗೆ ಒಯ್ದಿದ್ದ ನಾಯಿಗೆ ಗಂಡ ಒದ್ದ. ಇವಳು ಅವನ ಊಟದ ತಟ್ಟೆಯನ್ನು ನಾಯಿಯ ಮುಂದಿಟ್ಟು ಗಂಟುಮೂಟೆ ಕಟ್ಟಿದಳು. ಅಂದಿನಿಂದ ಅಪ್ಪನ ಹಿತ್ತಿಲೇ ಅವಳ ಸಂಸಾರ.

ಅಪ್ಪ ಸಾಕಿದ್ದು ನೀರುಹಕ್ಕಿ ಬೇಟೆಯ ನಾಯಿಗಳನ್ನು. ಬೇಟೆಗಾರ ಹೊಡೆದ ಬಾತು ಕೆರೆಯ ನಡುವೆ ಬಿದ್ದರೆ ಈಜಿ ಹೋಗಿ, ಒಂದು ಗರಿಯೂ ಮುರಿಯದಂತೆ ತಂದು ಕೈಗೊಪ್ಪಿಸುವುದು ಈ ತಳಿಯ ಕಸುಬು. ಗುಂಗುರು ಕೂದಲಿನ ಈಜುನಾಯಿಯನ್ನೂ ಮೂಸಿ ಹುಡುಕುವ ಬೇಟೆನಾಯಿಯನ್ನೂ ಕೂಡಿಸಿ ಹಿಂದಿನವರು ಇದನ್ನು ಪಡೆದರಂತೆ. ಹಕ್ಕಿಯನ್ನು ಹಿಸುಕಿದ ನಾಯಿ ಎಷ್ಟೇ ಚಂದವಿರಲಿ, ಅದರಿಂದ ಮರಿ ತೆಗೆಯುತ್ತಿರಲಿಲ್ಲ. ತಲೆಮಾರುಗಟ್ಟಲೆ ಹೀಗೆ ಆರಿಸಿ ಆರಿಸಿ ಉಳಿದದ್ದೇ ಈ ಮೆತ್ತನೆ ಬಾಯಿ. ಬೇಟೆ ನಿಂತು ಯಾವ ಕಾಲವಾಯಿತೋ, ಈಗ ಅವು ಹೊರುವುದು ಚಪ್ಪಲಿ, ಪೊರಕೆ. ಮನೆಗೆ ಯಾರೇ ಬಂದರೂ ಏನಾದರೊಂದನ್ನು ಕಚ್ಚಿಕೊಂಡು ಬಾಲವಾಡಿಸುತ್ತ ಎದುರುಗೊಳ್ಳುತ್ತವೆ. ಕಳ್ಳನಿಗೂ ಅದೇ ಮರ್ಯಾದೆ.

ಹಳೆಯದರಲ್ಲಿ ಪರೀಕ್ಷೆಯೊಂದು ಉಳಿದಿತ್ತು. ಹಸಿ ಮೊಟ್ಟೆಯನ್ನು ಅಂಗಳದ ಆ ತುದಿಯಿಂದ ಒಡೆಯದೆ ತಂದುಕೊಟ್ಟ ನಾಯಿಗಷ್ಟೇ ಮರಿ ಹಾಕುವ ಯೋಗ. ಒಂದೇ ಸಲ, ಎರಡನೆಯ ಮೊಟ್ಟೆ ಇಲ್ಲ. ಅಪ್ಪನ ಈ ಕಟ್ಟಳೆಯನ್ನು ಅಕ್ಕ ಒಮ್ಮೆಯೂ ಮೀರಿರಲಿಲ್ಲ.

ಆ ತಳಿಯಲ್ಲಿ ಈಗ ಉಳಿದಿದ್ದ ಹೆಣ್ಣು ಕೆಂಚಿ ಒಂದೇ. ಅಕ್ಕ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದಾಗ, ನೋಡಿಕೊಳ್ಳುತ್ತೇನೆಂದು ತಮ್ಮ ಅದನ್ನು ಒಯ್ದ. ನೋಡಿಕೊಂಡ ಚಂದವೋ ಚಂದ! ತನ್ನ ಗೋದಾಮಿನ ಕಾವಲಿಗೆ ಕಟ್ಟಿಹಾಕಿ, ಕೋಲಿನಲ್ಲಿ ಬಾರಿಸಿ, ಗೋಣಿ ಸುತ್ತಿದ ತೋಳನ್ನು ಕಚ್ಚಿ ಹಿಡಿಯಲು ಕಲಿಸಿದ್ದ. ಸುದ್ದಿ ತಿಳಿದ ಅಕ್ಕ ಊರುಗೋಲು ಊರಿಕೊಂಡೇ ಹೋಗಿ, ಹಮಾಲರ ಎದುರಿಗೇ ತಮ್ಮನ ಮುಖದ ನೀರಿಳಿಸಿ, ಕೆಂಚಿಯನ್ನು ಬಿಡಿಸಿ ತಂದಳು. ಗಾಯ ಮಾಗುವವರೆಗೆ ಕಾದಳು. ಆ ಮೆತ್ತನೆ ಬಾಯಿ ಉಳಿದಿದೆಯೋ ಇಲ್ಲವೋ ಎಂಬ ಚಿಂತೆಯಲ್ಲಿ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಪರೀಕ್ಷೆಯ ದಿನ ತಮ್ಮ ಗೇಟಿಗೆ ಒರಗಿ ನಿಂತ.

“ಏನಕ್ಕ, ಇನ್ನೂ ಮೊಟ್ಟೆ ಆಟಾನಾ? ಒಡೆದ್ರೆ ನಾಯೀನ ನಂಗೇ ಕೊಟ್ಬಿಡು.”

“ನಿನ್ನ ಮೂತಿ ಗೇಟಿನಾಚೆ ಇರ್ಲಿ. ಉಸಿರೆತ್ತಿದ್ರೆ ನೋಡು.”

ಕೆಂಚಿ ಹೋಯಿತು. ಮೊಟ್ಟೆಯನ್ನು ಮೂಸಿತು, ತುಟಿಯಲ್ಲೇ ಎತ್ತಿಕೊಂಡಿತು, ತಿರುಗಿತು. ಅರ್ಧ ಅಂಗಳ ದಾಟಿದರೂ ಮೊಟ್ಟೆಗೆ ಒಂದು ಬಿರುಕಿಲ್ಲ. ಉಳಿದಿದೆ, ಬಾಯಿ ಉಳಿದಿದೆ! ಇಷ್ಟು ಖುಷಿ ಅವಳಿಗೆ ಯಾವ ಮನುಷ್ಯರಿಂದಲೂ ಸಿಕ್ಕಿರಲಿಲ್ಲ.

ತಮ್ಮನಿಗೆ ತಡೆಯಲಾಗಲಿಲ್ಲ. “ನೋಡ್ದ್ಯಾ? ನಾಯಿ ಕೆಡಿಸ್ದ ಅಂತ ಊರೆಲ್ಲ ಡಂಗುರ ಸಾರಿದ್ಯಲ್ಲ, ಏನಾಗಿದೆ ಅದಕ್ಕೆ? ಏಟು ಬಿದ್ರೆ ಯಾರೂ ಸಾಯಲ್ಲ. ಅಪ್ಪ ನಿಂಗೂ ನಾಲ್ಕು ಬಿಟ್ಟಿದ್ರೆ ಗಂಡನ ಮನೇಲಿ ನೆಟ್ಟಗೆ ಬಾಳ್ತಿದ್ದೆ!”

“ಲೇ!” ಅಕ್ಕನ ಊರುಗೋಲು ಮೇಲೆದ್ದಿತು, ತಮ್ಮನ ತಲೆಗೆ ಗುರಿಯಿಟ್ಟು.

ಕೋಲು ಎದ್ದದ್ದನ್ನು ಕೆಂಚಿ ಕಂಡಿತು. ಕಿವಿ ಮಡಚಿ ನೆಲಕ್ಕೆ ಕುಗ್ಗಿತು. ಅದರ ದವಡೆ ಕಚ್ಚಿಕೊಂಡಿತು.

ಆಮೇಲೂ ತೆವಳುತ್ತ ಬಂದು, ಹಳದಿ ಸುರಿಯುವ ಚಿಪ್ಪುಗಳನ್ನು ಅಕ್ಕನ ಅಂಗೈಗೆ ಮೆಲ್ಲಗೆ ಇಟ್ಟು, ಶಭಾಷ್ ಎನ್ನಲಿ ಎಂದು ಮುಖ ನೋಡಿತು.

“ನಾನಂತೂ ಕೋಲು ಮುಟ್ಲಿಲ್ಲಪ್ಪ,” ಅಂದ ತಮ್ಮ. “ಈಗ ಕೊಡ್ತೀಯಾ?”

“ಕೊಡಲ್ಲ. ಮರೀನೂ ಹಾಕ್ಸಲ್ಲ. ಇನ್ನೊಂದ್ಸಲ ಈ ಗೇಟ್ ಮುಟ್ಟಿದ್ರೆ ನಿನ್ನ ಹೆಣ ಎತ್ಕೊಂಡು ಹೋಗ್ಬೇಕಾಗತ್ತೆ.”

ತಮ್ಮನನ್ನು ಅವಳು ಮೊದಲಿನಿಂದ ದ್ವೇಷಿಸುತ್ತಿದ್ದಳು. ಈ ಹೊತ್ತು ಅದಕ್ಕಿಂತ ಹೆಚ್ಚಾಗಿ ತನ್ನ ಕೈಯನ್ನೇ ದ್ವೇಷಿಸಿದಳು. ಊರುಗೋಲನ್ನು ಬೀಸಿ ಅಂಗಳದ ಆಚೆಗೆಸೆದು, ಗೋಡೆ ಹಿಡಿದು ಕುಂಟುತ್ತ ಬಾಗಿಲಿನತ್ತ ಹೊರಟಳು.

ಹಿಂದೆ ಏದುಸಿರು ಕೇಳಿಸಿತು. ಎಸೆದ ಕೋಲನ್ನು ಕೆಂಚಿ ಕಚ್ಚಿ ತಂದಿತ್ತು. ಮೈಯೆಲ್ಲ ನಡುಗುತ್ತಿತ್ತು. “ಬೇಡ ಕಣೇ, ಬಿಡು,” ಅಂದಳು ಅಕ್ಕ. ಬಿಡಲಿಲ್ಲ. ಕೈ ಚಾಚಿ ತೆಗೆದುಕೊಳ್ಳುವವರೆಗೂ ಆ ತಳಿಯ ನಾಯಿ ತಂದದ್ದನ್ನು ಬಿಡುವುದಿಲ್ಲ.

ಅಕ್ಕ ಕೈ ಚಾಚಿದಳು.