ಶುಂಠಿ ಯಂತ್ರಕ್ಕೆ ಸಿಕ್ಕ ಲಾಂಡ್ರಿ ನೆರವು

ಶಿಕಾರಿಪುರದಿಂದ ಶಿರಾಳಕೊಪ್ಪದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ನಮ್ಮದೊಂದು ತಗಡಿನ ಶೆಡ್ಡು. ಅದರಲ್ಲಿ ಅಣ್ಣನೂ ನಾನೂ ಶುಂಠಿ ತೊಳೆಯುವ ಯಂತ್ರ ಮಾಡುತ್ತೇವೆ. ಅಣ್ಣ ಮೊದಲು ಗೇಟು, ಕಿಟಕಿ, ಟ್ರ್ಯಾಕ್ಟರ್ ಟ್ರಾಲಿಗಳಿಗೆ ವೆಲ್ಡಿಂಗ್ ಮಾಡಿಕೊಂಡಿದ್ದವನು. ನಾನು ಸರ್ಕಾರಿ ಐಟಿಐನಲ್ಲಿ ಫಿಟ್ಟರ್ ಕೆಲಸ ಕಲಿತವಳು. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ ಎಂದು ಪ್ರಿನ್ಸಿಪಾಲರು ಬಂದುಹೋದವರಿಗೆಲ್ಲ ನನ್ನನ್ನು ಕರೆದು ತೋರಿಸುತ್ತಿದ್ದರು. ಸರ್ಕಾರದವರಿಗೆ ಕೆಲಸಕ್ಕಿಂತ ತೋರಿಸುವುದರ ಮೇಲೆ ಪ್ರೀತಿ ಹೆಚ್ಚು ಎಂದು ನಾನು ಅಲ್ಲೇ ತಿಳಿದುಕೊಳ್ಳಬೇಕಿತ್ತು.

ಸೊರಬದ ಕಡೆ ಶುಂಠಿ ಹೆಚ್ಚಿದ ಮೇಲೆ ನಮಗೆ ಈ ಕೆಲಸ ಹೊಳೆಯಿತು. ಕಿತ್ತ ಗಡ್ಡೆಯ ಮಣ್ಣನ್ನು ಹೆಂಗಸರು ಕೆರೆಯಂಚಿನಲ್ಲಿ ಕೂತು ಕೈಯಲ್ಲೇ ಉಜ್ಜಿ ತೊಳೆಯುತ್ತಿದ್ದರು. ಸಂಜೆ ಹೊತ್ತಿಗೆ ಅವರ ಬೆರಳ ಸಂದಿಯ ಚರ್ಮ ಬೆಂದಂತೆ ಬೆಳ್ಳಗಾಗಿರುತ್ತಿತ್ತು. ನಾನು ಉದ್ದನೆಯ ಒಂದು ಡ್ರಮ್ಮಿನ ಚಿತ್ರ ಬರೆದೆ. ಮೈತುಂಬ ತೂತು, ಒಳಗೆ ನೀರು ಚಿಮ್ಮುವ ಪೈಪು, ನಿಧಾನವಾಗಿ ತಿರುಗಿಸುವ ಮೋಟರು. ಶುಂಠಿಯ ಬೆರಳು ಮುರಿದರೆ ವ್ಯಾಪಾರಿ ಆ ಮಾಲನ್ನು ಮುಟ್ಟುವುದಿಲ್ಲ. ಮೊದಲ ಮೂರು ಡ್ರಮ್ಮುಗಳು ಬೆರಳುಗಳನ್ನು ಮುರಿದು ಹಾಕಿದವು. ನಾಲ್ಕನೆಯದು ಮುರಿಯದೆ ತೊಳೆಯಿತು. ಮಾರನೆಯ ಸುಗ್ಗಿಗೆ ಚಂದ್ರಗುತ್ತಿ ಕಡೆಯಿಂದಲೂ ಜನ ಹುಡುಕಿಕೊಂಡು ಬಂದರು.

ಬಂದವರಿಗೆಲ್ಲ ಮಾಡಿಕೊಡಲು ಆಗಲಿಲ್ಲ. ಡ್ರಮ್ಮಿಗೆ ತಗಡನ್ನು ದುಂಡಗೆ ಬಗ್ಗಿಸಬೇಕು. ನಾವು ಪೈಪಿನ ಮೇಲೆ ಇಟ್ಟು ಸುತ್ತಿಗೆಯಿಂದ ಬಡಿದು ಬಗ್ಗಿಸುತ್ತಿದ್ದೆವು. ಒಂದು ಡ್ರಮ್ಮಿಗೆ ನಾಲ್ಕು ದಿನ ಹಿಡಿಯುತ್ತಿತ್ತು. ತಗಡು ಬಗ್ಗಿಸುವ ರೋಲಿಂಗ್ ಮಿಷನ್ ಇದ್ದರೆ ಅದು ಅರ್ಧ ದಿನದ ಕೆಲಸ. ಆದರೆ ಅದಕ್ಕೆ ತ್ರೀ ಫೇಸ್ ಕರೆಂಟು ಬೇಕು, ನಮ್ಮ ಶೆಡ್ಡಿನವರೆಗೆ ಮೂರು ಕಂಬ ನೆಡಬೇಕು. ಒಂದು ಮಿಷನ್, ಮೂರು ಕಂಬ. ಲೋಕದಲ್ಲಿ ನಮಗೆ ಬೇಕಾಗಿದ್ದದ್ದು ಅಷ್ಟೇ.

ಆಗಲೇ ತಾಲ್ಲೂಕು ಕಚೇರಿಯ ಮುಂದೆ ಒಂದು ಬ್ಯಾನರ್ ಕಾಣಿಸಿಕೊಂಡಿತು. ಬೆಳೆಯುತ್ತಿರುವ ಸ್ಥಳೀಯ ಸಣ್ಣ ಉದ್ದಿಮೆಗಳನ್ನು ಇನ್ನಷ್ಟು ಬೆಳೆಸಲು ಸರ್ಕಾರ ಜೊತೆಗಿದೆ ಎಂದು ಅದರಲ್ಲಿ ಬರೆದಿತ್ತು. ಅಣ್ಣನಿಗೆ ಸರ್ಕಾರದ ಅಕ್ಷರ ಕಂಡರೆ ಭಕ್ತಿ. ಒಗೆದು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟ. ನಾನು ಡ್ರಮ್ಮಿನ ಚಿತ್ರ ಹಿಡಿದು ಹಿಂದೆ ಹೋದೆ.

ಕಚೇರಿಯಲ್ಲಿದ್ದ ಕೈಗಾರಿಕಾ ವಿಸ್ತರಣಾಧಿಕಾರಿ ನಮಗಿಂತ ಮೊದಲು ನಮ್ಮ ಚಪ್ಪಲಿ ನೋಡಿದರು. ಅವರ ಟೇಬಲ್ಲಿನ ಮೇಲೆ ಗಾಜಿನ ಕೆಳಗೆ ಅವರದೇ ಸನ್ಮಾನದ ಫೋಟೋಗಳು. ಮಾತಾಡಿದ್ದೆಲ್ಲ ಅಣ್ಣನ ಜೊತೆ.

“ಇವರು ಯಾರ್ರೀ, ನಿಮ್ಮ ಮಿಸೆಸ್ಸಾ?”

“ನಮ್ಮ ತಂಗಿ ರೀ. ಮಿಷನ್ ಇಕೀದೇ ರೀ. ನಾ ಬರೇ ವೆಲ್ಡಿಂಗ್ ಮಾಡ್ತೀನಿ.”

“ಭಾಳ ಚಲೋ ಆತು ಬಿಡ್ರಿ. ಮಹಿಳೆ ಅಂದ್ರ ಫೈಲ್ ಲಗೂನ ಓಡ್ತೈತಿ. ಸಹಿ ಅವರದ್ದು ಹಾಕ್ಸ್ರಿ, ಕೆಲಸ ನೀವು ಮಾಡ್ಕೊಳ್ರಿ.”

ನಾನು ಚಿತ್ರವನ್ನು ಅವರ ಮುಂದೆ ಬಿಚ್ಚಿ, ನಮಗೆ ಬೇಕಾದ್ದು ರೋಲಿಂಗ್ ಮಿಷನ್ ಮತ್ತು ಮೂರು ಕಂಬ ಎಂದೆ. ಅವರು ಅದರ ಮೇಲೆ ಚಹಾದ ಲೋಟ ಇಟ್ಟರು. ಆಮೇಲೆ ಕಂಪ್ಯೂಟರಿನ ಕಡೆ ತಿರುಗಿ ಉದ್ದಿಮೆಗಳ ಪಟ್ಟಿ ತೆಗೆದರು. ಅದರಲ್ಲಿ ಇರುವುದನ್ನು ಮಾತ್ರ ಆರಿಸಬಹುದು, ಇಲ್ಲದ್ದನ್ನು ಬರೆಯುವ ಹಾಗಿಲ್ಲ. ಮಹಿಳೆ ಎಂದು ಒತ್ತಿದ ಕೂಡಲೇ ಹಪ್ಪಳ, ಉಪ್ಪಿನಕಾಯಿ, ಹೊಲಿಗೆ, ಊದಿನಕಡ್ಡಿ ಬಂದವು. ಯಂತ್ರ ತಯಾರಿಕೆ ಬರಲಿಲ್ಲ.

“ಗಂಡಸರದ್ದು ಒತ್ತಿ ನೋಡ್ರಿ ಸರ್,” ಎಂದೆ.

“ಹಂಗ ಮಾಡಿದ್ರ ಫೈಲ್ ಹಿಂದ ಬೀಳ್ತೈತಿ ಅಮ್ಮಾ. ನಿಮ್ಮ ಮಿಷನ್ ಏನು ಮಾಡ್ತೈತಿ?”

“ತೊಳೀತೈತಿ ಸರ್.”

“ತೊಳೀತೈತಿ,” ಎಂದು ಅವರು ಬೆರಳಿನಿಂದ ಪಟ್ಟಿಯನ್ನು ಕೆಳಗೆ ಜಾರಿಸಿದರು. “ಇಲ್ಲೈತಿ ನೋಡ್ರಿ. ಲಾಂಡ್ರಿ ಸೇವೆ.”

ನಾನು ನಕ್ಕೆ. ಅವರು ತಮಾಷೆ ಮಾಡುತ್ತಿದ್ದಾರೆ ಎಂದುಕೊಂಡಿದ್ದೆ. ಅವರು ಒತ್ತಿಯೇ ಬಿಟ್ಟರು. ಮುಂದೆ ತಿದ್ದಬಹುದು ಅಂದರು. ಅಣ್ಣ ಕೈಮುಗಿದ. ನಾನು ಸಹಿ ಹಾಕಿದೆ. ಈ ಕಥೆಯಲ್ಲಿ ಆ ಮನುಷ್ಯನನ್ನು ಬೈಯುವಾಗಲೆಲ್ಲ ನನ್ನ ಆ ಸಹಿಯನ್ನೂ ಸೇರಿಸಿಕೊಂಡೇ ಬೈಯುತ್ತೇನೆ.

ಅವರು ಹೇಳಿದ ಆ ‘ಮುಂದೆ’ ಬರಲೇ ಇಲ್ಲ, ಲಾಂಡ್ರಿ ತರಬೇತಿಯ ಪತ್ರ ಬಂತು. ಹೋಗದಿದ್ದರೆ ಫೈಲ್ ಮುಚ್ಚುತ್ತದೆ ಎಂದು ಹೆದರಿಸಿದ್ದರಿಂದ ಶಿವಮೊಗ್ಗಕ್ಕೆ ಹೋಗಿ ಆರು ದಿನ ಕೂತೆ. ಕಲೆ ತೆಗೆಯುವುದು ಹೇಗೆ, ರೇಷ್ಮೆಗೆ ಇಸ್ತ್ರಿಯ ಬಿಸಿ ಎಷ್ಟಿರಬೇಕು, ಗಿರಾಕಿಯನ್ನು ನೋಡಿ ಮುಗುಳ್ನಗುವುದು ಹೇಗೆ. ಮುಗುಳ್ನಗೆಗೇ ಅರ್ಧ ದಿನ. ಪಾಠ ಮಾಡಿದ ಮಹಾಶಯರ ಕಾಲರಿನಲ್ಲಿ ಎಣ್ಣೆಯ ಕಲೆ ಇತ್ತು, ಆರು ದಿನವೂ ಅದೇ ಅಂಗಿ. ನಾನು ಎದ್ದು ನಿಂತು, ನಮ್ಮದು ಶುಂಠಿ ಯಂತ್ರ, ಬಟ್ಟೆಯಲ್ಲ ಎಂದೆ. “ಉದ್ದಿಮೆ ಯಾವುದಾದರೇನು, ಮನೋಭಾವ ಮುಖ್ಯ,” ಎಂದರು. ಸಭೆ ಚಪ್ಪಾಳೆ ತಟ್ಟಿತು.

ಕೆಲವು ತಿಂಗಳ ಮೇಲೆ ವಿಸ್ತರಣಾಧಿಕಾರಿಯೇ ಸ್ಥಳ ಪರಿಶೀಲನೆಗೆ ಶೆಡ್ಡಿಗೆ ಬಂದರು. ಅರ್ಧ ಮುಗಿದ ಎರಡು ಡ್ರಮ್ಮು, ತಗಡಿನ ತುಂಡು, ಸುತ್ತಲೂ ಕಿಡಿ. ಅವರು ಕರ್ಚೀಫಿನಿಂದ ಮೂಗು ಮುಚ್ಚಿಕೊಂಡರು.

“ಬಟ್ಟಿ ಎಲ್ಲವ್ರಿ?”

“ಬಟ್ಟಿ ಇಲ್ರೀ ಸರ್. ಅವತ್ತೇ ಹೇಳಿದ್ವಲ್ಲ,” ಎಂದೆ.

“ಅದು ನನಗೂ ಗೊತ್ತೈತಿ ಅಮ್ಮಾ. ಆದ್ರ ಫೋಟೋದಾಗ ಬಟ್ಟಿ ಇಲ್ಲಂದ್ರ ಮೇಲಿನವರು ವಾಪಸ್ ಕಳಿಸ್ತಾರ. ಒಂದು ಹಗ್ಗ ಕಟ್ರಿ, ನಾಕು ಬಟ್ಟಿ ಹಾಕ್ರಿ. ಮೊದ್ಲು ಮಂಜೂರಾಗ್ಲಿ. ಆಮ್ಯಾಲ ಲಾಂಡ್ರಿ ಬದ್ಲಿ ನಿಮ್ಮ ರೋಲಿಂಗ್ ಮಿಷನ್ ಹಾಕಿಸ್ಕೊಡ್ತೀನಿ, ಕಂಬಾನೂ ಬರ್ತಾವ.”

ನಾನು ಆಗುವುದಿಲ್ಲ ಎಂದೆ. ಅಣ್ಣ ನನ್ನನ್ನು ಪಕ್ಕಕ್ಕೆ ಕರೆದ. “ಒಂದು ಫೋಟೋ ಅಲ್ಲೇನವ್ವ. ಕಂಬ ಬರ್ತಾವಂತ,” ಎಂದ. ಅವನ ಕೈಯಲ್ಲಿ ಸುತ್ತಿಗೆ ಹಿಡಿದು ಎದ್ದ ಗುಳ್ಳೆಗಳು ಒಡೆದಿದ್ದವು. ನಾನು ಮನೆಗೆ ಹೋಗಿ ಅಮ್ಮನ ಎರಡು ಸೀರೆ, ಅಣ್ಣನ ಲುಂಗಿ, ಒಂದು ಬೆಡ್‌ಶೀಟು ತಂದು ಶೆಡ್ಡಿನ ಮುಂದೆ ಹಗ್ಗ ಕಟ್ಟಿ ಹರವಿದೆ. ಒಣಗಿದ ಬಟ್ಟೆಗಳು. ಒದ್ದೆಯಾಗಿ ಕಾಣಲಿ ಎಂದು ಅಧಿಕಾರಿ ತಮ್ಮ ಬಾಟಲಿಯ ನೀರನ್ನು ತಾವೇ ಚಿಮುಕಿಸಿದರು. ಅವರು ಆ ಇಡೀ ಕೆಲಸದಲ್ಲಿ ಕೈಯಾರೆ ಮಾಡಿದ್ದು ಅದೊಂದೇ. ನಾನು ಸೀರೆಯ ಪಕ್ಕ ನಿಂತೆ. ಫೋಟೋದಲ್ಲಿ ಮುಗುಳ್ನಕ್ಕಿದ್ದೇನೆ. ತರಬೇತಿ ವ್ಯರ್ಥವಾಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಲಾರಿ ಬಂದು ಶೆಡ್ಡಿನ ಮುಂದೆ ನಿಂತಿತು. ಅದರಲ್ಲಿ ಆಳೆತ್ತರದ, ಬಟ್ಟೆ ಒಗೆಯುವ ಯಂತ್ರ. ಹೊಟ್ಟೆಯ ಮೇಲೆ ದುಂಡನೆ ಗಾಜಿನ ಬಾಗಿಲು, ಪಕ್ಕದಲ್ಲಿ ಸರ್ಕಾರದ ನೆರವಿನಿಂದ ಎಂಬ ತಗಡಿನ ಫಲಕ. ನಾನು ಅಧಿಕಾರಿಗೆ ಫೋನ್ ಮಾಡಿ, ರೋಲಿಂಗ್ ಮಿಷನ್ ಎಲ್ಲಿ, ಕಂಬ ಎಲ್ಲಿ ಎಂದು ಕೇಳಿದೆ. “ಲಾಂಡ್ರಿಗೆ ರೋಲಿಂಗ್ ಮಿಷನ್ ಯಾಕ ಬೇಕ್ರೀ ಮೇಡಂ?” ಎಂದರು. ಅಷ್ಟು ಹೊತ್ತಿಗೆ ಅವರು ತಮ್ಮದೇ ಸುಳ್ಳನ್ನು ನಂಬಿಬಿಟ್ಟಿದ್ದರು. ಯಂತ್ರಕ್ಕೂ ತ್ರೀ ಫೇಸ್ ಬೇಕು ಎಂದು ಅದರ ಬೆನ್ನಿಗೆ ಬರೆದಿತ್ತು.

ಅಣ್ಣ ಅದಕ್ಕೂ ಆಸೆ ಬಿಡಲಿಲ್ಲ. ಅದರೊಳಗೂ ಡ್ರಮ್ಮಿದೆ, ತೂತಿದೆ, ಶುಂಠಿ ಹಾಕಿ ನೋಡೋಣ ಎಂದ. ಬಾಡಿಗೆ ಜನರೇಟರ್ ತಂದು, ಒಂದು ಬುಟ್ಟಿ ಶುಂಠಿ ಸುರಿದು ತಿರುಗಿಸಿದೆವು. ಬಾಗಿಲು ತೆಗೆದಾಗ ಚಟ್ನಿ ಬಂತು. ಅಣ್ಣ ಅದನ್ನು ಬುಟ್ಟಿಗೆ ಬಳಿದು ಹಾಕಿದ. ಆಮೇಲೆ ಇಡೀ ದಿನ ಸುತ್ತಿಗೆ ಬಡಿದ.

ಹದಿನೈದು ದಿನದ ಮೇಲೆ ಸೊರಬದಿಂದ ಒಬ್ಬ ಹೆಂಗಸು ಬಸ್ಸಿನಲ್ಲಿ ಬಂದಿಳಿದರು. ನಲವತ್ತರ ಆಸುಪಾಸು, ಗಟ್ಟಿ ಕೈಗಳು. ಸೊರಬದ ಎರಡು ಮದುವೆ ಮಂಟಪ ಮತ್ತು ಒಂದು ಹಾಸ್ಟೆಲ್ಲಿನ ಬಟ್ಟೆಯನ್ನು ಕೈಯಲ್ಲೇ ಒಗೆದುಕೊಡುವವರು. ಶೆಡ್ಡಿನೊಳಗೆ ಬಂದವರೇ ಸುತ್ತಲೂ ಕಣ್ಣಾಡಿಸಿ ನನ್ನ ಮುಖ ನೋಡಿದರು.

“ನೀವೇ ಏನು ಲಾಂಡ್ರಿಯವ್ರು?”

“ಕಾಗದದಾಗ ಹೌದ್ರಿ,” ಎಂದೆ.

“ನಾನು ಎರಡು ವರ್ಷದಿಂದ ಅರ್ಜಿ ಹಾಕ್ತಾ ಇದೀನಿ ಕಣ್ರಿ. ಇನ್ನೂ ಮೂರು ಮಂಟಪದೋರು ಬಟ್ಟೆ ಕೊಡ್ತೀವಿ ಅಂತಾರೆ. ಕೈಯಲ್ಲಿ ಆಗಲ್ಲ. ಎರಡೂ ತಾಲ್ಲೂಕಿಗೆ ಸೇರಿ ಲಾಂಡ್ರಿಗೆ ಒಂದೇ ಮಿಷನ್ ಇರೋದು, ಅದು ಶಿಕಾರಿಪುರದೋರಿಗೆ ಹೋಯ್ತು ಅಂದ್ರು. ಎಂಥ ದೊಡ್ಡ ಲಾಂಡ್ರಿನೋ ನೋಡಿ ಹೋಗಣ ಅಂತ ಬಂದೆ.” ಗಾಜಿನ ಬಾಗಿಲಿಗೆ ಅಂಟಿದ್ದ ಶುಂಠಿಯ ನಾರನ್ನು ಉಗುರಿನಿಂದ ಕೆರೆದು ಮೂಸಿದರು. “ಇದ್ರಲ್ಲಿ ಶುಂಠಿ ಅರೆದ್ರಾ? ಥೂ!”

ಅವರು ಉಗಿದದ್ದು ನೆಲಕ್ಕೇ. ಆದರೂ ನಾನು ಮುಖ ಒರೆಸಿಕೊಂಡೆ. ಅಷ್ಟು ದಿನ ಆ ಅಧಿಕಾರಿಯ ಮೇಲೆ, ಪಾಠ ಮಾಡಿದವರ ಮೇಲೆ ನನಗಿದ್ದ ತಿರಸ್ಕಾರ ತಣ್ಣಗೆ ಒಂದು ಸುತ್ತು ಹಾಕಿ ನನ್ನ ಪಕ್ಕ ಬಂದು ಕೂತಿತು. ನಾವು ಮೋಸಹೋದೆವು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದೆ. ಅಮ್ಮನ ಸೀರೆ ಹರವಿ ಇನ್ನೊಬ್ಬಳ ಯಂತ್ರ ತಂದುಕೊಂಡದ್ದು ನಾನೇ.

“ತಗೊಂಡು ಹೋಗ್ರಿ ಅಕ್ಕಾ,” ಎಂದೆ.

ಅವರು ನಂಬಲಿಲ್ಲ. ಅಣ್ಣ ಗಾಬರಿಯಾದ. ಬೇರೆಯವರಿಗೆ ಕೊಡುವ ಹಾಗಿಲ್ಲ, ಕೇಸಾಗುತ್ತದೆ ಎಂದ. ಆಗಲಿ ಎಂದೆ. ಮರುದಿನ ಒಂದು ಟ್ರ್ಯಾಕ್ಟರ್ ಮಾಡಿ, ಯಂತ್ರವನ್ನು ಹಗ್ಗ ಬಿಗಿದು ಟ್ರಾಲಿಗೆ ಹತ್ತಿಸಿ, ನಾನೇ ಪಕ್ಕದಲ್ಲಿ ಕೂತು ಸೊರಬಕ್ಕೆ ಹೋದೆ. ಅವರು ನಿಂತು ಹೋದ ಒಂದು ಅಕ್ಕಿ ಗಿರಣಿಯ ಹಿಂಬದಿಯಲ್ಲಿ ಕೆಲಸ ಮಾಡುತ್ತಿದ್ದರು. ಗಿರಣಿಗೆ ತ್ರೀ ಫೇಸ್ ಇತ್ತು. ಶುಂಠಿಯ ನಾರನ್ನೆಲ್ಲ ತೆಗೆದು, ಪೈಪು ಜೋಡಿಸಿ, ಮೊದಲ ಸಲ ಮಂಟಪದ ಜಮಖಾನೆಗಳನ್ನು ಹಾಕಿ ತಿರುಗಿಸಿದೆ. ಅಕ್ಕ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕೊನೆಯವರೆಗೂ ನೋಡಿದರು. ನನಗೆ ಕೃತಜ್ಞತೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಊಟ ಮಾಡಿ ಹೋಗಿ ಎಂದರು.

ಊಟ ಮಾಡುವಾಗ ಗಿರಣಿಯ ಮುಂಭಾಗ ಖಾಲಿ ಬಿದ್ದಿದೆ ಎಂದು ತಿಳಿಯಿತು. ಶುಂಠಿಯವರೆಲ್ಲ ಈ ಕಡೆಯವರೇ. ಗಿರಣಿಯ ಮಾಲೀಕರ ಹತ್ತಿರ ಅಕ್ಕನೇ ಮಾತಾಡಿ ಅದನ್ನು ನಮಗೆ ಬಾಡಿಗೆಗೆ ಕೊಡಿಸಿದರು. ಹರಿಹರದ ಕಡೆ ಮುಚ್ಚಿದ ವರ್ಕ್‌ಶಾಪೊಂದರಿಂದ ಹಳೆಯ ರೋಲಿಂಗ್ ಮಿಷನ್ ತಂದು ನಾನೇ ಬಿಚ್ಚಿ ಸರಿಮಾಡಿ ಕೂರಿಸಿದೆ. ಅಣ್ಣ ಮೊದಲ ತಗಡನ್ನು ಒಳಗೆ ಕೊಟ್ಟಾಗ ಅದು ಇನ್ನೊಂದು ಕಡೆಯಿಂದ ರೊಟ್ಟಿಯ ಅಂಚಿನ ಹಾಗೆ ದುಂಡಗೆ ಬಂತು. ಅವನು ಅಂಗೈಯನ್ನೊಮ್ಮೆ ನೋಡಿಕೊಂಡು, “ಇಷ್ಟೇ ಏನು?” ಎಂದ.

ಅಧಿಕಾರಿ ಮತ್ತೆ ಪರಿಶೀಲನೆಗೆ ಬಂದಾಗ ಶಿಕಾರಿಪುರದ ಶೆಡ್ಡಿನಲ್ಲಿ ಯಂತ್ರ ಇರಲಿಲ್ಲ. ಸೊರಬಕ್ಕೆ ಬರ್ರಿ ಎಂದೆ. ಬಂದರು. ಸಾಲಾಗಿ ಒಣಹಾಕಿದ ಜಮಖಾನೆ, ಹಾಸ್ಟೆಲ್ಲಿನ ಹೊದಿಕೆಗಳನ್ನು ನೋಡಿ ಅವರ ಮುಖ ಅರಳಿತು. ನಿಜವಾದ ಒದ್ದೆ ಬಟ್ಟೆ ಅವರಿಗೆ ಅಷ್ಟು ಸಂತೋಷ ಕೊಟ್ಟೀತು ಎಂದು ನಾನು ಎಣಿಸಿರಲಿಲ್ಲ.

“ಇದು ನಿಮ್ಮ ಹೆಸರಿನಾಗ ಐತಲ್ಲ, ನೀವ ನಿಲ್ರಿ ಮೇಡಂ ಫೋಟೋಕ್ಕ.”

“ನಾನು ನಿಲ್ಲೂದಿಲ್ಲ. ಕೆಲಸ ಅವರದ್ದು, ಹೆಸರೂ ಅವರದ್ದೇ ಬರೀರಿ. ಇಲ್ಲಂದ್ರ ಬಟ್ಟಿ ಇಲ್ಲದ ಲಾಂಡ್ರಿ ಮಂಜೂರು ಮಾಡಿದ್ದು ಯಾರಂತ ನಾನೂ ಮ್ಯಾಲ ಬರೀತೀನಿ.”

ಅವರು ನನ್ನ ಜೊತೆ ನೇರವಾಗಿ, ಕಣ್ಣಿಟ್ಟು ಮಾತಾಡಿದ್ದು ಆವತ್ತೇ ಮೊದಲು. “ಅಷ್ಟೆಲ್ಲಾ ಯಾಕ್ರೀ,” ಎಂದರು. ಘಟಕದ ಸ್ಥಳಾಂತರ, ಪಾಲುದಾರಿಕೆ, ಬದಲಾವಣೆ ಎಂದು ಏನೇನೋ ಮೂರು ಕಾಗದ ಬರೆಸಿಕೊಂಡರು. ಯಂತ್ರ ಅಕ್ಕನ ಹೆಸರಿಗಾಯಿತು. ಎರಡು ವರ್ಷ ಆಗದ್ದು ಹೆದರಿಕೆಯಿಂದ ಎರಡು ವಾರದಲ್ಲಿ ಆಯಿತು.

ಹೋದ ಬೇಸಿಗೆಯಲ್ಲಿ ಅಕ್ಕನನ್ನು ಹೊಸ ಫಲಾನುಭವಿಗಳ ಮುಂದೆ ಮಾತಾಡಲು ಕರೆದಿದ್ದರು. ನಾನು ಜೊತೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅಧಿಕಾರಿ ಅವರನ್ನು ಸರ್ಕಾರ ಬೆಳೆಸಿದ ಸಾಧಕಿ ಎಂದು ಪರಿಚಯಿಸಿದರು. ಅಕ್ಕ ಮೈಕನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

“ನೋಡ್ರವ್ವ, ಅವರ ಪಟ್ಟಿ ನೋಡಿ ತಲೆ ಅಲ್ಲಾಡಿಸ್ಬೇಡಿ. ನಿಮ್ಮ ಕೆಲಸ ಏನು ಅಂತ ನಿಮ್ಮ ಕೈಯಲ್ಲೇ ಒಂದು ಹಾಳೆ ಮೇಲೆ ಬರೆದು ಕೊಡಿ, ಅದಕ್ಕೆ ಸೀಲ್ ಹಾಕಿಸ್ಕೊಂಡು ಇನ್ನೊಂದು ಪ್ರತಿ ಮನೇಲಿ ಇಟ್ಕೊಳ್ಳಿ. ಇಲ್ಲಾಂದ್ರೆ ನೀವು ಒಂದು ಕೇಳ್ತೀರಿ, ಅವರು ಇನ್ನೊಂದು ಕೊಡ್ತಾರೆ. ನಿಮ್ಮದು ಇನ್ಯಾರದೋ ಮನೇಲಿ ತುಕ್ಕು ಹಿಡೀತಿರ್ತದೆ.”

ಹೆಂಗಸರು ಪೆನ್ನು ಹುಡುಕತೊಡಗಿದರು. ವೇದಿಕೆಯ ಮೇಲೆ ಫೋನು ನೋಡುತ್ತಿದ್ದ ಅಧಿಕಾರಿ, ಮಾತು ನಿಂತದ್ದು ಗೊತ್ತಾಗಿ ತಲೆ ಎತ್ತಿ, ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು.